ಬಟಾಣಿಯಷ್ಟು ಚರ್ಮ

ಮಾರ್ಚ್ 4, ಸೋಮವಾರ

ಇವತ್ತೂ ತಂಗಿಯನ್ನು ನೋಡಲು ಆಸ್ಪತ್ರೆಗೆ ತಡವಾಗಿ ಹೋದೆ. ಪ್ರಯೋಗಾಲಯದಲ್ಲಿ ಕೋಶಗಳಿಗೆ ಆಹಾರ ಬದಲಿಸುವ ಹೊತ್ತು, ಬಿಟ್ಟು ಬರಲಾಗಲಿಲ್ಲ ಎಂದು ಅಮ್ಮನಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಬರಬಹುದಿತ್ತು. ಆ ಡಯಾಲಿಸಿಸ್ ಕೋಣೆಯಲ್ಲಿ ಕೂತಿರುವುದೇ ನನಗೆ ಹಿಂಸೆ. ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಗುಂಯ್‌ಗುಡುವ ಯಂತ್ರ, ಕೊಳವೆಗಳಲ್ಲಿ ಸುತ್ತುವ ರಕ್ತ, ನೋಡುವುದಕ್ಕೆ ಎಲ್ಲರಿಗೂ ಎಲ್ಲರ ಮುಖ.

ನಾನು ಬಾಗಿಲಲ್ಲಿ ಕಾಣುತ್ತಲೇ ತಂಗಿ "ಬಂದ್ಯಾ ಅಕ್ಕಾ! ಅಂತೂ ಬಂದ್ಯಲ್ಲ!" ಎಂದು ಕೂಗಿದಳು. ಇಡೀ ಕೋಣೆ ತಿರುಗಿ ನೋಡಿತು. ಕಿವಿ ಕೇಳದವಳಿಗೆ ತನ್ನ ದನಿಯ ಅಳತೆ ಸಿಗುವುದಿಲ್ಲ, ಗೊತ್ತು. ಆದರೂ ನಾನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ, ತರಗತಿಯಲ್ಲಿ ಗಲಾಟೆ ಮಾಡುವ ಮಗುವಿಗೆ ಮಾಡುವ ಹಾಗೆ. ಅವಳ ಮುಖ ಸಪ್ಪಗಾಯಿತು. ಚಿಕ್ಕಂದಿನಲ್ಲಿ ಅಪ್ಪ ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ಒಂದು ಕೇಳಿದರೆ ಹತ್ತು ಸಿಡಿಯುತ್ತಿದ್ದಳು. ಅಪ್ಪ ಹೋದ ಮೇಲೆ ಹಾಗೆ ಯಾರೂ ಕರೆದಿಲ್ಲ.

ಅವಳಿಗೆ ರಕ್ತ ತೀರಾ ಕಡಿಮೆಯಾಗಿದೆಯಂತೆ. ಒಂದು ಚೀಲ ಕೊಡಿಸಿ ಎಂದು ಕಿಡ್ನಿ ಡಾಕ್ಟರು ಹೇಳಿದ್ದಾರೆ. ರಕ್ತನಿಧಿಯವರು ಹೊಂದುವ ರಕ್ತವೇ ಸಿಗುತ್ತಿಲ್ಲ ಎನ್ನುತ್ತಿದ್ದಾರೆ. ಗುಂಪೇನೋ ಸರಿಯಿದೆ, ಆದರೆ ಯಾರದರ ಜೊತೆ ಬೆರೆಸಿ ನೋಡಿದರೂ ಗಂಟು ಕಟ್ಟುತ್ತದಂತೆ. ಇನ್ನೊಂದು ಓಡಾಟ ತಲೆಗೆ ಬಂತಲ್ಲ ಎಂದು ಮೊದಲು ಅನಿಸಿದ್ದು. ಬರೆದಿಡುತ್ತೇನೆ, ಅನಿಸಿದ್ದು ಅದೇ.

ಮಾರ್ಚ್ 7, ಗುರುವಾರ

ಅಕ್ಷರ ಸೊಟ್ಟಗಾಗುತ್ತಿದೆ. ಕ್ರಮವಾಗಿ ಬರೆಯಬೇಕು.

ರಕ್ತನಿಧಿಯ ಡಾಕ್ಟರಮ್ಮ ನನ್ನನ್ನು ಕರೆಸಿದರು. "ನೀವೂ ವಿಜ್ಞಾನದವರಂತೆ, ಅದಕ್ಕೆ ಬಿಡಿಸಿ ಹೇಳ್ತೀನಿ. ನಮ್ಮೆಲ್ಲರ ಕೆಂಪು ಕಣಗಳ ಮೇಲೂ ಇರೋ ಯಾವುದೋ ಒಂದು ವಸ್ತು ನಿಮ್ಮ ತಂಗಿಗೆ ಇಲ್ಲ. ಹಿಂದೆ ಒಂದ್ಸಲ ರಕ್ತ ಕೊಟ್ಟಿದ್ದಾರಲ್ಲ, ಆಗ ಅವರ ಮೈ ಅದನ್ನ ಹೊರಗಿನದು ಅಂತ ಗುರುತು ಹಿಡ್ಕೊಂಡಿದೆ. ಈಗ ಯಾರ ರಕ್ತ ಕಂಡ್ರೂ ಮೇಲೆ ಬೀಳುತ್ತೆ. ಆ ರಕ್ತದ ಕಣಗಳನ್ನ ಪಪ್ಪಾಯಿ ಕಿಣ್ವ ಪಪೇನ್‌ನಲ್ಲಿ ನೆನೆಸಿದ್ರೂ ಗಲಾಟೆ ನಿಲ್ಲಲ್ಲ, ಇನ್ನೊಂದು ಕಿಣ್ವ ಟ್ರಿಪ್ಸಿನ್‌ನಲ್ಲಿ ನೆನೆಸಿದ್ರೆ ಮಾತ್ರ ತಣ್ಣಗಾಗುತ್ತೆ. ಏನಿರಬಹುದು ಅಂತ ದೊಡ್ಡ ಲ್ಯಾಬಿಗೆ ಕಳಿಸ್ತಿದೀವಿ."

ಕಳಿಸುವುದೇ ಬೇಕಿರಲಿಲ್ಲ. ಕಿಡ್ನಿ, ಕಿವಿ, ಹುಟ್ಟಿದಾಗಿನಿಂದ ಕಣಕಾಲಿನ ಮುಂಭಾಗದಲ್ಲಿ ಏಳುವ ಗುಳ್ಳೆಗಳು, ಈಗ ಇದು. ನಾಲ್ಕೂ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು.

ನಾನು ಇಷ್ಟು ವರ್ಷ ದುಡಿದಿರುವುದು ಟೆಟ್ರಾಸ್ಪಾನಿನ್ ಎಂಬ ಪ್ರೋಟೀನುಗಳ ಮೇಲೆ. ಜೀವಕೋಶದ ಪೊರೆಯನ್ನು, ದಾರ ಬಟ್ಟೆಯನ್ನು ಹಾಯುವ ಹಾಗೆ, ನಾಲ್ಕು ಸಲ ಹಾದುಹೋಗುವ ಸಣ್ಣ ಪ್ರೋಟೀನುಗಳು. ದೊಡ್ಡ ಕುಟುಂಬ. ಅದರಲ್ಲಿ ಒಂದು ಇಲ್ಲದಿದ್ದರೆ ಇಲಿಯ ಅಂಡಕ್ಕೆ ವೀರ್ಯಾಣು ಬೆಸೆಯುವುದಿಲ್ಲ. ಇನ್ನೊಂದನ್ನು ಹಿಡಿದುಕೊಂಡು ಹೆಪಟೈಟಿಸ್ ಸಿ ವೈರಸ್ ಯಕೃತ್ತಿನೊಳಗೆ ನುಸುಳುತ್ತದೆ. ಮತ್ತೊಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳ ಆಕಾರ ಕಾಯುತ್ತದೆ. ನನ್ನ ಪಾಲಿಗೆ ಬಂದದ್ದು ಸಿಡಿ 151, ಕೆಂಪು ಕಣಗಳ ಮೇಲೂ ಇರುವಂಥದು. ಕೋಶಗಳು ತಾವು ಕೂತ ನೆಲವನ್ನು ಹಿಡಿಯಲು ಚಾಚುವ ಕೈಗಳಿಗೆ ಇದು ಬಲ ಕೊಡುತ್ತದೆ. ಕ್ಯಾನ್ಸರ್ ಕೋಶದಲ್ಲಿ ಇದು ಹೆಚ್ಚಾದರೆ ಕೋಶ ಆ ಬಲದಿಂದಲೇ ಹುಟ್ಟಿದ ಜಾಗ ಬಿಟ್ಟು ಮೈಯೆಲ್ಲ ಅಲೆಯತೊಡಗುತ್ತದೆ. ಹುಟ್ಟಿನಿಂದಲೇ ಇದು ಇಲ್ಲದವರು ಪ್ರಪಂಚದಲ್ಲಿ ಬೆರಳೆಣಿಕೆ. ಅವರಿಗೆ ಕಿಡ್ನಿ ಕೆಡುತ್ತದೆ, ಕಿವಿ ಹೋಗುತ್ತದೆ, ಕಣಕಾಲಿನಲ್ಲಿ ಗುಳ್ಳೆ ಏಳುತ್ತದೆ. ಆ ವರದಿ ನನ್ನ ಮೇಜಿನ ಖಾನೆಯಲ್ಲಿದೆ. ನನ್ನ ಉಪನ್ಯಾಸಗಳಲ್ಲಿ ಅದರ ಚಿತ್ರ ತೋರಿಸುತ್ತೇನೆ. ಚಿತ್ರದಲ್ಲಿರುವುದು ಎರಡು ಕಾಲು. ಅಂಥದೇ ಎರಡು ಕಾಲು ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ನನ್ನ ಎದುರು ಓಡಾಡುತ್ತಿದ್ದವು.

ಡಯಾಲಿಸಿಸ್ ಕೋಣೆಯ ಗಾಜಿನ ಗೋಡೆಯ ಆಚೆ ನಿಂತು ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಗಾಜಿನೊಳಗಿಂದ ತಂಗಿ ಕೈ ಬೀಸಿದಳು. ನಾನೂ ಬೀಸಿದೆ. ಒಳಗೆ ಹೋದ ಮೇಲೆ "ಯಾರು?" ಎಂದಳು. "ಆಫೀಸಿನವರು" ಎಂದೆ.

ಮಾರ್ಚ್ 8, ಶುಕ್ರವಾರ

ಸರ್ ಎದ್ದು ನಿಂತು ನನ್ನ ಕೈ ಕುಲುಕಿದರು. "ಇಡೀ ಜೀವಮಾನದಲ್ಲಿ ಇಂಥದ್ದೊಂದು ಸಿಕ್ಕಿದ್ರೆ ಪುಣ್ಯ ಮಾರಾಯ್ತಿ!" ಎಂದರು. ಎಲ್ಲರಿಗೂ ಕಾಫಿ ತರಿಸಿದರು. ನಾನೂ ನಗುನಗುತ್ತಾ ಕುಡಿದೆ.

ಆಮೇಲೆ ಕೈ ತೊಳೆಯಲು ಹೋದಾಗ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಇನ್ನೂ ನಗುತ್ತಿತ್ತು. ಯಾರೂ ಎದುರಿಗಿರಲಿಲ್ಲ, ಯಾರಿಗಾಗಿಯೂ ನಗಬೇಕಾಗಿರಲಿಲ್ಲ. ತಂಗಿಗೆ ವಾಸಿಯಾಗದ ರೋಗವಿದೆ ಎಂದು ತಿಳಿದ ಮಾರನೆಯ ದಿನದ ಮುಖ ಅದು. ಮುಖಕ್ಕೆ ತಣ್ಣೀರು ಎರಚಿಕೊಂಡೆ. ಹೊರಗೆ ಬಂದಾಗ ಸರ್ ಏನೋ ತಮಾಷೆ ಹೇಳಿದರು. ಮತ್ತೆ ನಕ್ಕೆ.

ಅವಳಿಗೆ ಇನ್ನೂ ಹೇಳಿಲ್ಲ.

ಮಾರ್ಚ್ 14, ಗುರುವಾರ

ಅವಳ ರಕ್ತದಿಂದ ವಂಶವಾಹಿ ಓದಿಸಿ ನೋಡಿದ್ದಾಯಿತು. ನಾನಂದುಕೊಂಡದ್ದೇ. ನನ್ನದೂ ಅಮ್ಮನದೂ ಓದಿಸಿದೆ. ಅಪ್ಪನಿಂದೊಂದು ಅಮ್ಮನಿಂದೊಂದು ಬರುವ ಎರಡು ಪ್ರತಿಗಳಲ್ಲಿ ನಮ್ಮಿಬ್ಬರಲ್ಲೂ ಒಂದು ಕೆಟ್ಟಿದೆ, ಒಂದು ಸರಿಯಿದೆ. ಒಂದು ಸರಿಯಿದ್ದರೆ ಸಾಕು, ಕಿಡ್ನಿಗೂ ಕಿವಿಗೂ ಏನೂ ಆಗುವುದಿಲ್ಲ. ಅವಳಿಗೆ ಎರಡೂ ಕೆಟ್ಟವೇ ಬಂದಿವೆ. ಅಪ್ಪ ಅಮ್ಮ ದೂರದ ಸಂಬಂಧಿಗಳು, ಒಂದೇ ವಂಶ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ನಾನು ಪಾರಾದೆ.

ಅವಳ ಅಂಗಡಿಗೇ ಹೋಗಿ ಹೇಳಿದೆ. ಫೋಟೊಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ ಅವಳದು. ಡಯಾಲಿಸಿಸ್ ಇಲ್ಲದ ದಿನ ತೆರೆಯುತ್ತಾಳೆ. ಯಾರದೋ ಮದುವೆಯ ಫೋಟೊಗೆ ಗಾಜು ಕೊಯ್ಯುತ್ತಿದ್ದಳು. ನಾನು ತಲೆಬಾಗಿಲ ಕಡೆ ನೋಡುತ್ತ ಗಡಗಡ ಹೇಳಿ ಮುಗಿಸಿದೆ. ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಇನ್ನೊಂದ್ಸಲ" ಎಂದಳು. ಇನ್ನೊಂದು ಸಲ ಹೇಳಿದೆ.

"ಅಂದ್ರೆ ನನ್ನನ್ನ ಮಾಡೋವಾಗ ಗೋಂದು ಸಾಲಲಿಲ್ಲ ಅಂತಾಯ್ತು" ಎಂದು ನಕ್ಕಳು. ಆಮೇಲೆ, "ಇದಕ್ಕೆ ಔಷಧಿ ಇದೆಯಾ?"

"ಇಲ್ಲ."

"ಬೇರೆ ಕಿಡ್ನಿ?"

"ಕಷ್ಟ. ಯಾರ ಕಿಡ್ನಿ ಹಾಕಿದ್ರೂ ಅದರ ಮೇಲೆ ಆ ಪ್ರೋಟೀನ್ ಇರುತ್ತೆ. ನಿನ್ನ ಮೈ ಅದರ ಜೊತೆಗೂ ಜಗಳಕ್ಕೆ ನಿಲ್ಲಬಹುದು."

"ಮತ್ತೆ ಹೆಸರು ಗೊತ್ತಾಗಿ ಏನು ಬಂತು?" ಎಂದಳು. ಕೋಪದಿಂದಲ್ಲ, ಸುಮ್ಮನೆ ತಿಳಿಯಲಿಕ್ಕೆ. ಅಮ್ಮ ಮನೆಯಲ್ಲಿ "ನಾನು ಕೊಟ್ಟಿದ್ದು, ನಾನೇ ಕೊಟ್ಟಿದ್ದು" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ.

ಮಾರ್ಚ್ 19, ಮಂಗಳವಾರ

ಸರ್‌ಗೆ ಅವಳ ಚರ್ಮದ ಕೋಶಗಳು ಬೇಕು. "ರಕ್ತದಿಂದ ಕಾಯಿಲೆ ಗೊತ್ತಾಯ್ತು, ಸರಿ. ಪ್ರಬಂಧ ಅಂತ ಬರೆದ್ರೆ ಕೋಶ ಹೇಗೆ ನಡ್ಕೊಳ್ಳುತ್ತೆ ಅಂತ ತೋರಿಸ್ಬೇಕಲ್ಲ. ಕಣಕಾಲಿಂದಲೇ ಬೇಕು. ಗುಳ್ಳೆ ಏಳೋ ಜಾಗದ್ದು." ಅನುಮತಿಯ ಓಡಾಟ ಅವರೇ ಮುಗಿಸಿದರು. ಒಪ್ಪಿಸುವುದು ನನ್ನ ಕೆಲಸ.

ಒಪ್ಪಿಸಲು ಹೆಚ್ಚು ಮಾತೂ ಬೇಕಾಗಲಿಲ್ಲ. "ಬಟಾಣಿ ಕಾಳಿನಷ್ಟು ಚರ್ಮ ತೆಗೀತಾರೆ. ಚಿಕಿತ್ಸೆಗೆ ಅನುಕೂಲ ಆಗುತ್ತೆ" ಎಂದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು, ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿದಳು. "ಸರಿ ಅಕ್ಕ" ಎಂದಳು.

ಚರ್ಮದ ಡಾಕ್ಟರು ಇವತ್ತು ತೆಗೆದರು. ನಾನೇ ಗುಲಾಬಿ ಬಣ್ಣದ ದ್ರವ ತುಂಬಿದ ಪುಟ್ಟ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ತುಂಡು ಬಾಟಲಿಗೆ ಬಿದ್ದ ಕೂಡಲೇ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟುಕೊಂಡು ಹೊರಟುಬಿಟ್ಟೆ. ಕೋಶಗಳು ಸಾಯಬಾರದು, ಬೇಗ ತಲುಪಿಸಬೇಕು. ಅರ್ಧ ದಾರಿಯಲ್ಲಿ ನೆನಪಾಯಿತು, ಅವಳನ್ನು ಮನೆಗೆ ಯಾರು ಕರೆದೊಯ್ಯುತ್ತಾರೆ ಎಂದು ಕೇಳಲೇ ಇಲ್ಲ. ಅವಳು ಆ ಕಾಲಿನಲ್ಲೇ ಬಸ್ಸು ಹತ್ತಿ ಬಂದಳಂತೆ.

ಮಾರ್ಚ್ 27, ಬುಧವಾರ

ಕೋಶಗಳು ಚೆನ್ನಾಗಿ ಬೆಳೆಯುತ್ತಿವೆ. ಗಾಯ ಮಾಯುತ್ತಿಲ್ಲ.

ಬೆಳಿಗ್ಗೆ ಅಮ್ಮ ಪಟ್ಟಿ ಬಿಚ್ಚಿ ತೋರಿಸಿದಳು. ಬಟಾಣಿಯಷ್ಟಿದ್ದದ್ದು ಅಂಗೈಯಷ್ಟಾಗಿದೆ. ಸುತ್ತಲಿನ ಚರ್ಮ ಒದ್ದೆ ಕಾಗದದಂತೆ ಸುಲಿದು ಬರುತ್ತಿದೆ. ಪಟ್ಟಿಯ ಅಂಟು ಎಳೆದಲ್ಲೆಲ್ಲ ಹೊಸ ಗುಳ್ಳೆ. ಅಮ್ಮ ನನ್ನ ಮುಖ ನೋಡಿ, "ನೀನು ಓದಿದವಳು. ಇದು ಹೀಗಾಗುತ್ತೆ ಅಂತ ಗೊತ್ತಿರಲಿಲ್ವಾ?" ಎಂದಳು.

ಗೊತ್ತಿತ್ತು. ಈ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಜಾಗದ ಚರ್ಮಕ್ಕೆ ಹಿಡಿತವಿಲ್ಲ, ಗಾಯವಾದರೆ ಮುಚ್ಚಲು ಕೋಶಗಳು ಸರಿಯಾಗಿ ತೆವಳುವುದಿಲ್ಲ ಎಂದು ತಾನೇ ನಾನು ಹೇಳುತ್ತ ಬಂದಿರುವುದು! ಚರ್ಮದ ಡಾಕ್ಟರಿಗೆ ಆ ಮಾತು ಹೇಳಿರಲಿಲ್ಲ. ಹೇಳಿದ್ದರೆ ಅವರು ಬೇಡ ಎನ್ನುತ್ತಿದ್ದರೇನೋ.

ಅಮ್ಮನಿಗೆ "ನೋಡೋಣ, ಡಾಕ್ಟರ್‌ನ ಕೇಳ್ತೀನಿ" ಎಂದೆ.

ಮಾರ್ಚ್ 28, ಗುರುವಾರ

ಚಳಿ ಜ್ವರ. ಆಸ್ಪತ್ರೆಗೆ ಸೇರಿಸಿದ್ದಾರೆ. ಗಾಯದಿಂದ ರಕ್ತಕ್ಕೆ ನಂಜೇರಿದೆ.

ಮಾರ್ಚ್ 29

ಬರೆಯಲಾರೆ.

ಏಪ್ರಿಲ್ 1, ಸೋಮವಾರ

ರಕ್ತ ಕೊಡಲೇಬೇಕು, ಇಲ್ಲದಿದ್ದರೆ ಹೃದಯ ತಡೆಯದು ಎಂದರು ಕಿಡ್ನಿ ಡಾಕ್ಟರು. ನನ್ನದನ್ನು ತೆಗೆದುಕೊಳ್ಳಿ ಎಂದು ಅಂಗಿಯ ತೋಳು ಮಡಚಿ ನಿಂತೆ. ಹೊಂದುವುದಿಲ್ಲ ಎಂದು ಗೊತ್ತಿದ್ದೂ ನಿಂತೆ. ಡಾಕ್ಟರಮ್ಮ ಬೆರೆಸಿ ನೋಡಿದರು. ಗಂಟು ಕಟ್ಟಿತು. ಅಮ್ಮನದೂ ಅಷ್ಟೇ. ಕೊನೆಗೆ ಇದ್ದುದರಲ್ಲಿ ಕಡಿಮೆ ಜಗಳವಾಡುವ ಒಂದು ಚೀಲವನ್ನು ಆರಿಸಿ, ಯಾರೋ ಅಪರಿಚಿತರದು, ತೊಟ್ಟು ತೊಟ್ಟಾಗಿ ಹಾಕಿದರು. "ಮೈ ನಡುಗಿದ್ರೆ, ಸೊಂಟ ನೋವು ಅಂದ್ರೆ, ಉಸಿರು ಕಟ್ಟಿದ್ರೆ ತಕ್ಷಣ ಕೂಗಿ" ಎಂದು ನನಗೆ ಹೇಳಿದರು.

ಇಡೀ ದಿನ ಅವಳ ಮುಖ ನೋಡುತ್ತ ಕೂತಿದ್ದೆ. ಇಷ್ಟು ಹೊತ್ತು ಅವಳ ಮುಖ ನೋಡಿದ್ದು ಯಾವ ಕಾಲದಲ್ಲಿ ಎಂದು ನೆನಪಾಗಲಿಲ್ಲ. ಎಡಹುಬ್ಬಿನಲ್ಲಿ ಒಂದು ಬಿಳಿ ಕೂದಲು ಬಂದಿದೆ. ನಿದ್ದೆಯಲ್ಲಿ ಬೆರಳುಗಳು ಏನನ್ನೋ ಅಳೆಯುವಂತೆ ಆಡುತ್ತವೆ, ಬಹುಶಃ ಚೌಕಟ್ಟಿನ ಮರ. ಮಧ್ಯಾಹ್ನ ಕಿಟಕಿಯ ಬಿಸಿಲು ನನ್ನ ಬೆನ್ನಿಗೆ ಬಿತ್ತು. ನನ್ನ ಮುಖ ಅವಳಿಗೆ ಕಪ್ಪಾಗಿ ಕಂಡೀತೆಂದು ಕುರ್ಚಿಯನ್ನು ಮಂಚದ ಆ ಪಕ್ಕಕ್ಕೆ ಎಳೆದುಕೊಂಡೆ. ಸಂಜೆ ಕಣ್ಣು ಬಿಟ್ಟು, "ನೀರು" ಎಂದಳು. ನಡುಕವಿಲ್ಲ, ನೋವಿಲ್ಲ.

ಸರ್ ಫೋನ್ ಮಾಡಿದ್ದರು. ಕೋಶಗಳನ್ನು ಇನ್ನೊಂದು ತಟ್ಟೆಗೆ ಬದಲಿಸಬೇಕಂತೆ. ಎತ್ತಲಿಲ್ಲ, ಆಮೇಲೆ ಸಂದೇಶ ನೋಡಿದೆ.

ಏಪ್ರಿಲ್ 5, ಶುಕ್ರವಾರ

ಜ್ವರ ಬಿಟ್ಟಿದೆ. ಇವತ್ತು ದಿಂಬಿಗೆ ಒರಗಿ ಕೂತಳು. ನಾನು ಅವಳ ತಲೆ ಬಾಚುತ್ತಿದ್ದೆ. ಹಿಂದಿನಿಂದ ಬಾಚಿದರೆ ಮಾತಾಡಲಾಗುವುದಿಲ್ಲವೆಂದು ಎದುರಿಗೆ ಕೂತು ಬಾಚುತ್ತಿದ್ದೆ. ಹೇಳಬೇಕು ಎಂದು ನಾಲ್ಕು ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. "ನೋಡು, ಆ ಚರ್ಮ ತೆಗೆಸಿದ್ದು…" ಎಂದು ಶುರು ಮಾಡಿದೆ.

"ಚಿಕಿತ್ಸೆಗಲ್ಲ. ಗೊತ್ತು" ಎಂದಳು.

ನನ್ನ ಕೈಯಲ್ಲಿದ್ದ ಬಾಚಣಿಗೆ ನಿಂತಿತು.

"ಅವತ್ತು ಗಾಜಿನ ಆಚೆ ನಿಂತ್ಕೊಂಡು ಫೋನ್ ಮಾಡ್ತಿದ್ಯಲ್ಲ. 'ಪ್ರಪಂಚದಲ್ಲೇ ಅಪರೂಪದ ಕೇಸು ಸರ್, ನಮ್ಮ ಮನೇಲೇ ಇದೆ, ಅದೃಷ್ಟ' ಅಂದೆ. ನಂಗೆ ಗಾಜು ಅಡ್ಡ ಬರಲ್ಲ ಅಕ್ಕ. ಕಿವಿ ಇರೋರಿಗೆ ಬರುತ್ತೆ."

ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. "ಗೊತ್ತಿದ್ದೂ ಯಾಕೆ ಕಾಲು ಕೊಟ್ಟೆ?" ಎಂದೆ.

"ನಿನ್ನ ಮುಖ ಅಷ್ಟು ಖುಷಿಯಾಗಿದ್ದು ನೋಡಿ ಎಷ್ಟು ವರ್ಷ ಆಗಿತ್ತು! ನನ್ನ ನೋಡಿದ್ರೆ ನಿಂಗೆ ಯಾವಾಗ್ಲೂ ಬೇಜಾರೇ. ನನ್ನಿಂದ ಒಂದಾದ್ರೂ ಒಳ್ಳೇದಾಗ್ಲಿ ನಿಂಗೆ ಅಂದ್ಕೊಂಡೆ." ಆಮೇಲೆ ಅವಳ ದನಿ ಏರಿತು. "ಆದ್ರೆ ಸುಳ್ಳು ಯಾಕೆ ಹೇಳ್ದೆ? 'ನಂಗೆ ಬೇಕು ಕಣೆ, ಕೊಡ್ತೀಯಾ' ಅಂತ ಕೇಳಿದ್ರೆ ನಾನು ಇಲ್ಲ ಅಂತಿದ್ನಾ? ಕೇಳೋದಕ್ಕೂ ನಾನು ಲಾಯಕ್ಕಿಲ್ವಾ? ಸತ್ತುಹೋಗ್ತಿದ್ದೆ ಕಣೆ!"

ವಾರ್ಡಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನೋಡಲಿ.

"ಅವು ಇನ್ನೂ ಬೆಳೀತಿವೆಯಾ? ನಿನ್ನ ಡಬ್ಬೀಲಿ?"

"ಬೆಳೀತಿವೆ."

"ನಿಲ್ಸು."

ಏಪ್ರಿಲ್ 8, ಸೋಮವಾರ

ಸರ್‌ಗೆ ಹೇಳಿದೆ. ಮೊದಲು ಸಮಾಧಾನವಾಗಿಯೇ ಮಾತಾಡಿದರು. "ಕಾಯಿಲೆ ಮನುಷ್ಯರು, ಸಿಟ್ಟಲ್ಲಿ ಏನೋ ಅಂದಿರ್ತಾರೆ. ನಿಮ್ಮ ಸ್ವಂತ ತಂಗಿ ತಾನೆ, ಒಂದು ವಾರ ಬಿಟ್ಟು ಮೆತ್ತಗೆ ಹೇಳಿ ಒಪ್ಪಿಸಿ. ಅಷ್ಟರವರೆಗೆ ಫ್ರೀಜ್ ಮಾಡಿ ಇಟ್ಬಿಡೋಣ, ಯಾರಿಗೆ ಗೊತ್ತಾಗುತ್ತೆ?"

ಒಪ್ಪಿಸಬಲ್ಲೆ. ಅದು ನನಗೆ ಚೆನ್ನಾಗಿ ಬರುತ್ತದೆ.

"ನಿಲ್ಸು ಅಂದಿದ್ದಾಳೆ ಸರ್."

"ಇದನ್ನ ಬಿಟ್ರೆ ನಿಮ್ಮ ಹದಿನೈದು ವರ್ಷದ ಕೆಲಸದಲ್ಲಿ ಇನ್ನೇನಿದೆ ಹೇಳಿ" ಎಂದರು. ಆ ಮಾತು ಚುಚ್ಚಿತು, ಸುಳ್ಳಲ್ಲ ಎಂಬ ಕಾರಣಕ್ಕೆ.

ಬೆಚ್ಚನೆಯ ಪೆಟ್ಟಿಗೆಯಿಂದ ತಟ್ಟೆಗಳನ್ನು ತೆಗೆದು ಕೊನೆಯದಾಗಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದೆ. ಉದ್ದುದ್ದ ಕೋಶಗಳು, ನೆಲವನ್ನು ಹಿಡಿಯಲು ಕೈ ಚಾಚಿ, ಹಿಡಿತ ಸಿಗದೆ ಅಂಚು ಸುರುಟಿಕೊಂಡಿದ್ದವು. ನಾನು ಊಹಿಸಿದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಚಿತ್ರ, ಒಂದೇ ಒಂದು ಚಿತ್ರ ತೆಗೆದಿಟ್ಟುಕೊಳ್ಳೋಣ ಎಂದು ಬೆರಳು ಗುಂಡಿಯ ಮೇಲೆ ಹೋಯಿತು. ಹೋದದ್ದು ನಿಜ. ವಾಪಸು ತೆಗೆದುಕೊಂಡೆ. ಬ್ಲೀಚ್ ಸುರಿದೆ. ಗುಲಾಬಿ ಬಣ್ಣ ನೋಡುನೋಡುತ್ತ ಬಿಳಚಿಕೊಂಡಿತು.

ಸಂಜೆ ಅವಳಿಗೆ ಹೇಳಿದೆ. "ಹೂಂ" ಎಂದಳು. ಮೂರು ದಿನವಾಯಿತು, ನನ್ನ ಜೊತೆ ಬೇಕಾದಷ್ಟೇ ಮಾತು. ಇಷ್ಟಾದರೂ ಆಡುತ್ತಾಳಲ್ಲ.

ಏಪ್ರಿಲ್ 30, ಮಂಗಳವಾರ

ಮನೆಗೆ ಬಂದಿದ್ದಾಳೆ. ಗಾಯಕ್ಕೆ ಅಂಟಿಲ್ಲದ ಪಟ್ಟಿ, ಮೇಲೆ ಸಡಿಲ ಬಟ್ಟೆ. ದಿನಾ ಬೆಳಿಗ್ಗೆ ನಾನೇ ಬದಲಿಸುತ್ತೇನೆ. ಉಪ್ಪುನೀರಲ್ಲಿ ನೆನೆಸಿ, ಎಳೆಯದೆ, ಅದಾಗಿ ಬಿಡುವವರೆಗೆ ಕಾಯಬೇಕು. ಪ್ರಯೋಗಾಲಯಕ್ಕೆ ದಿನಾ ತಡವಾಗುತ್ತಿದೆ. ಸರ್ ಏನೂ ಅನ್ನುವುದಿಲ್ಲ, ನನ್ನ ಜೊತೆ ಮಾತೇ ಕಡಿಮೆ ಮಾಡಿದ್ದಾರೆ.

ಇವತ್ತು ಪಟ್ಟಿ ನೆನೆಯಲು ಬಿಟ್ಟು ಕೂತಿದ್ದಾಗ ಚಿನಕುರುಳಿ ತಾನಾಗಿಯೇ ಕೇಳಿದಳು. "ಈ ಪ್ರೋಟೀನು ನೋಡೋಕೆ ಹೇಗಿರುತ್ತೆ?" ಅಮ್ಮನ ಹೊಲಿಗೆಯ ಡಬ್ಬಿ ತಂದು ಬಟ್ಟೆಗೆ ನಾಲ್ಕು ಸಲ ದಾರ ಹಾಯಿಸಿ ತೋರಿಸಿದೆ. ಹೊರಗೆ ಎರಡು ಕುಣಿಕೆ, ಒಂದು ಚಿಕ್ಕದು, ಒಂದು ದೊಡ್ಡದು. ದೊಡ್ಡ ಕುಣಿಕೆ ಪಕ್ಕದವರ ಕೈ ಹಿಡಿಯುತ್ತದೆ. "ಇಷ್ಟೇನಾ?" ಎಂದಳು. "ಇಷ್ಟೇ" ಎಂದೆ. "ಇಷ್ಟಕ್ಕೆ ನನ್ನ ಕಿವಿ ಹೋಯ್ತಾ!" ಎಂದು ಆ ಬಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ, "ನಿಮ್ಮ ಚಿಕ್ಕಮ್ಮನ ಮೊಮ್ಮಗಳಿಗೂ ಕಾಲಲ್ಲಿ ಗುಳ್ಳೆ ಏಳುತ್ತೆ. ಷೂ ಕಚ್ಚುತ್ತೆ ಅಂತಿದ್ರು" ಎಂದಳು.

ನಾವಿಬ್ಬರೂ ಅವಳ ಕಡೆ ತಿರುಗಿದೆವು.

"ಕಿವಿ?" ಎಂದೆ.

"ಕಿವಿ ಚೆನ್ನಾಗೇ ಇದೆ. ಹೇಳಿದ ಮಾತು ಕೇಳಲ್ಲ ಅಷ್ಟೇ, ಮಹಾ ಹಟಮಾರಿ ಅಂತ ಬೈತಿರ್ತಾರೆ…" ಎನ್ನುತ್ತಿದ್ದ ಅಮ್ಮ ಅಲ್ಲಿಗೇ ನಿಲ್ಲಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಹುಡುಗಿಯ ಅಪ್ಪನೂ ನಮ್ಮ ವಂಶದವನೇ.

ಮೇ 12, ಭಾನುವಾರ

ಅವರನ್ನು ಮನೆಗೆ ಕರೆಸಿದೆವು. ಹುಡುಗಿಗೆ ಎಂಟು ವರ್ಷ. ಎರಡು ಜಡೆ, ಉದ್ದ ಕಾಲುಚೀಲ, ಬೈಸಿಕೊಂಡು ಬೈಸಿಕೊಂಡು ಗಟ್ಟಿಯಾದ ಮುಖ. ಅವಳ ಅಮ್ಮ, ನಮಗೆ ಚಿಕ್ಕಮ್ಮನ ಮಗಳು, ಬಂದಾಗಿನಿಂದ ದೂರು. "ಹತ್ತು ಸಲ ಕರೀಬೇಕು, ಬೇಕೂಂತ ತಿರುಗಲ್ಲ. ಶಾಲೇಲೂ ಹೀಗೇ ಅಂತೆ. ನಿನ್ನೆ ಎರಡೇಟು ಬಿಟ್ಟೆ."

ಚಿನಕುರುಳಿ ಹುಡುಗಿಯ ಎದುರು ಚಾಪೆಯ ಮೇಲೆ ಕೂತು, ದನಿಯಿಲ್ಲದೆ ತುಟಿಯಷ್ಟೇ ಆಡಿಸಿ ಏನೋ ಕೇಳಿದಳು. ಹುಡುಗಿ "ಮೂರನೇ ಕ್ಲಾಸು" ಎಂದಿತು. ಮತ್ತೇನೋ ಕೇಳಿದಳು. "ಬೆಕ್ಕು ಇದೆ, ನಾಯಿ ಇಲ್ಲ" ಎಂದಿತು ಹುಡುಗಿ. ಅದರ ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಳು. ಎಷ್ಟು ದಿನದಿಂದ ಮಗಳು ತುಟಿ ಓದುತ್ತಿದ್ದಳೋ ಯಾರಿಗೂ ತಿಳಿದಿರಲಿಲ್ಲ.

ರಕ್ತ ಸಾಕು, ಚರ್ಮ ಮುಟ್ಟುವುದೇ ಬೇಡ ಎಂದು ಮೊದಲೇ ಹೇಳಿಟ್ಟಿದ್ದೆ. ನಾಳೆ ಆಸ್ಪತ್ರೆಯಲ್ಲಿ ತೆಗೆಸುತ್ತಾರೆ. ಹುಡುಗಿ ನನ್ನನ್ನು, "ನೋವಾಗುತ್ತಾ ದೊಡ್ಡಮ್ಮ?" ಎಂದು ಕೇಳಿತು. ಎದುರಿಗೆ ಕೂತು, "ಸೂಜಿ ಚುಚ್ಚುವಾಗ ಆಗುತ್ತೆ, ಆಮೇಲೆ ಇಲ್ಲ. ಯಾಕೆ ತೆಗೀತಾರೆ ಹೇಳ್ಲಾ?" ಎಂದೆ. ತಲೆಯಾಡಿಸಿತು. ದಾರ ಹಾಯಿಸಿದ ಬಟ್ಟೆ ತಂದೆ.

ಅವರು ಹೊರಟಾಗ ಚಿನಕುರುಳಿ ರಸ್ತೆಯ ಆ ತುದಿಯವರೆಗೂ ಕೇಳುವ ಹಾಗೆ ಕೂಗಿದಳು, "ಬೆಕ್ಕನ್ನ ಕರ್ಕೊಂಡು ಬಾರೇ!" ಎಂದು. "ಬೆಕ್ಕು ಬಸ್ಸು ಹತ್ತಲ್ಲ ಕಣೇ!" ಎಂದು ನಾನೂ ಅಷ್ಟೇ ಜೋರಾಗಿ ಹೇಳಿದೆ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ಜೂನ್ 8, ಶನಿವಾರ

ಹುಡುಗಿಗೂ ಅದೇ. ಎರಡೂ ಪ್ರತಿ ಕೆಟ್ಟಿವೆ.

ಆದರೆ ಕಿಡ್ನಿ ಇನ್ನೂ ಕೆಟ್ಟಿಲ್ಲ. ಮೂತ್ರದಲ್ಲಿ ಪ್ರೋಟೀನ್ ಸ್ವಲ್ಪ ಸೋರಲು ಶುರುವಾಗಿದೆ, ಅಷ್ಟೇ. ಸೋರುವುದನ್ನು ತಗ್ಗಿಸುವ ಮಾತ್ರೆ ಶುರು ಮಾಡೋಣ ಎಂದರು ಕಿಡ್ನಿ ಡಾಕ್ಟರು. "ಪೂರ್ತಿ ತಡೀತೀವಿ ಅಂತ ಮಾತು ಕೊಡಲ್ಲ. ಆದ್ರೆ ಇಷ್ಟು ಬೇಗ ಗೊತ್ತಾಗಿದ್ದು ದೊಡ್ಡದು. ಎಷ್ಟೋ ವರ್ಷ ಮುಂದಕ್ಕೆ ತಳ್ಳಬಹುದು." ಕಿವಿಗೆ ಯಂತ್ರ ಹಾಕಿಸುತ್ತಾರೆ. ಜೀವ ಹೋಗುವಂಥ ಸಂದರ್ಭ ಬಂದರೆ ಹೊರತು ಹುಡುಗಿಗೆ ಬೇರೆಯವರ ರಕ್ತ ಹಾಕಿಸಬಾರದು ಎಂದು ರಕ್ತನಿಧಿಯ ಡಾಕ್ಟರಮ್ಮ ಹುಡುಗಿಯ ಅಮ್ಮನಿಗೆ ಬಿಡಿಸಿ ಹೇಳಿದರು. ಕಣಕಾಲಿಗೆ ಯಾವ ಕತ್ತರಿಯನ್ನೂ ತಾಗಿಸಬೇಡಿ ಎಂದು ನಾನು ಹೇಳಿದೆ. ಯಾಕೆ ಎಂದು ಅವಳು ಕೇಳಿದಳು. ಚಿನಕುರುಳಿ ಲಂಗ ಮೇಲೆತ್ತಿ ತನ್ನ ಕಾಲು ತೋರಿಸಿದಳು. ಗಾಯ ಮುಚ್ಚಿದೆ, ಆದರೆ ಅಂಗೈಯಗಲ ಚರ್ಮ ಹೊಳೆಯುತ್ತದೆ, ತೆಳ್ಳಗೆ, ಕೆಂಪಗೆ. ಇನ್ನು ಅದು ಹಾಗೆಯೇ.

ಹೊರಗೆ ಬಂದಾಗ ಹುಡುಗಿಯ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನೀನು ಕಂಡುಹಿಡೀದೆ ಇದ್ದಿದ್ರೆ ನಾನು ಇದನ್ನ ಹೊಡ್ಕೊಂಡೇ ಇರ್ತಿದ್ದೆ. ನಿನ್ನ ಋಣ ಹೇಗೆ ತೀರಿಸ್ಲಿ ಅಕ್ಕ" ಎಂದಳು. ಅವಳ ಕೈಯಿಂದ ಕೈ ಬಿಡಿಸಿಕೊಳ್ಳಲು ಗೊತ್ತಾಗಲಿಲ್ಲ. ಚಿನಕುರುಳಿ ಪಕ್ಕದಲ್ಲೇ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದಳು.

ಅವರನ್ನು ಕಳಿಸಿ ನಾವಿಬ್ಬರೂ ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತೆವು. ಅವಳ ಚಪ್ಪಲಿಯ ಪಟ್ಟಿ ಆ ಗಾಯದ ಕಲೆಯ ತುಸು ಕೆಳಗೆ ಬರುತ್ತದೆ. ಅದನ್ನೇ ನೋಡುತ್ತ ಕೂತಿದ್ದೆ. ಬಸ್ಸು ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ, ತಪ್ಪಾಯ್ತು ಕಣೆ ಎಂದು. ಇಷ್ಟು ದಿನ ಜೋಡಿಸಿಟ್ಟುಕೊಂಡಿದ್ದ ಮಾತು ಯಾವುದೂ ಅದರಲ್ಲಿ ಇರಲಿಲ್ಲ.

"ಏನಂದೆ?" ಎಂದಳು ಚಿನಕುರುಳಿ.

ಮತ್ತೆ ಹೇಳಿದೆ.

ಅವಳು ನನ್ನ ಭುಜಕ್ಕೆ ಗುದ್ದಿದಳು, ನೋವಾಗುವ ಹಾಗೆಯೇ. "ತಲೆ ತಗ್ಗಿಸ್ಕೊಂಡು ಹೇಳಿದ್ರೆ ನಂಗೇನು ಕಾಣುತ್ತೆ? ತಲೆ ಎತ್ತು. ಎತ್ತಿ ಹೇಳು."

ಎತ್ತಿದೆ. ಹೇಳಿದೆ.